ಮೂರರಿಂದ ಭಾಗಿಸು

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನನ್ನದು ಖರೀದಿ ಮೇಜು.
ಬೋಲ್ಟು, ಬೇರಿಂಗು, ಗ್ರೀಸು, ಕೈಗವಸು,
ಬೇಕೆಂದವರ ಚೀಟಿಗೆ ದರ ಹುಡುಕುವವಳು.
ಕಬ್ಬಿಣ ಕರಗುವುದು ಗೋಡೆಯಾಚೆ;
ನನ್ನ ಕಡೆಗೆ ಬರುವುದು ಅದರ ಬಿಸಿ, ಅದರ ಬಿಲ್ಲು.

ಅಚ್ಚಿನ ಪೆಟ್ಟಿಗೆ ಹೊರುವ ತಳ್ಳುಬಂಡಿಗೆ
ಹೊಸ ಗಾಲಿ ಬೇಕೆಂದು ದಸ್ತಗೀರ್ ಮೇಸ್ತ್ರಿ ಬರೆದಿದ್ದರು.
ಭಾರ ಎರಡು ಸಾವಿರದ ನಾನೂರು ಕಿಲೋ. ಗಾಲಿ ನಾಲ್ಕು.
ಅಷ್ಟೇ ಚೀಟಿ.
ಇದರಲ್ಲಿ ಲೆಕ್ಕವೇನು ಮಹಾ?
ನಾಲ್ಕರಿಂದ ಭಾಗಿಸಿದೆ. ತಲಾ ಆರುನೂರು, ಶೇಷ ಸೊನ್ನೆ,
ಮಗ್ಗಿ ಕಲಿಸಿದ ಟೀಚರು ಬೆನ್ನು ತಟ್ಟುವ ಹಾಗೆ.

ಬಿ.ಎಚ್. ರಸ್ತೆಯ ಅಂಗಡಿಯವನು ಆರುನೂರರದ್ದೇ ತೋರಿಸಿದ:
ಎರಕದ ಕಬ್ಬಿಣದ ಬಿಲ್ಲೆ, ಸುತ್ತ ಪಾಲಿಯುರೆಥೇನ್,
ದಾಸವಾಳದ ಕೆಂಪು.
ಎರಡು ನೇರಕ್ಕೆ ಓಡುವವು, ಎರಡು ತಿರುಗುವವು.
ಎಂಟುನೂರರದ್ದು ಅದೇ ಕಪಾಟಿನಲ್ಲಿತ್ತು.
ನಾನು ಕೇಳಲಿಲ್ಲ.
ಉಳಿಸಿದ್ದು ಒಂದು ಸಾವಿರದ ನೂರ ನಲವತ್ತು ಎಂದು
ರಿಜಿಸ್ಟರಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ನನಗೊಬ್ಬಳಿಗೇ ಕಾಣುವಂತೆ.

ತಿರುಗುವ ಗಾಲಿಯನ್ನು ನೋಡಿದ್ದೀರಾ, ಕುಕ್ಕರಗಾಲಲ್ಲಿ ಕೂತು?
ಅದರ ಇರಸು ಗೂಟದ ನೇರಕ್ಕಿಲ್ಲ,
ಎರಡು ಬೆರಳು ಹಿಂದೆ.
ಬಂಡಿ ಮುಂದಕ್ಕೆ ಹೊರಟರೆ
ತಾಯಿಯ ಸೆರಗು ಹಿಡಿದಂತೆ ಹಿಂದೆ ಬೀಳುತ್ತದೆ.
ತಟ್ಟನೆ ಹಿಂದಕ್ಕೆಳೆದರೆ, ಅರೆಗಳಿಗೆ,
ಏನೂ ತೋಚದೆ ತಡವರಿಸಿ, ಗಡಗಡ ನಡುಗಿ,
ಒಂದು ಸುತ್ತು ಹಾಕಿ, ಮತ್ತೆ ಹಿಂದೆಯೇ.
ಆ ಅರೆಗಳಿಗೆಯಲ್ಲೇ ಆದದ್ದು.

ಹನ್ನೊಂದನೆಯ ದಿನ, ಮಧ್ಯಾಹ್ನದ ಪಾಳಿ.
ಭದ್ರಾವತಿಯ ಮುರುಗೇಶ ಒಂದು ಕಡೆ,
ಶಿಕಾರಿಪುರದ ಹುಚ್ಚರಾಯಪ್ಪ ಇನ್ನೊಂದು ಕಡೆ,
ಹಿಂದಕ್ಕೆ, ಹಿಂದಕ್ಕೆ ಎನ್ನುತ್ತ ಮೇಸ್ತ್ರಿ.
ಗೋಡೆಯಾಚೆಯ ಸದ್ದುಗಳೆಲ್ಲ ನನ್ನ ಕಿವಿಗೆ ಒಗ್ಗಿದ್ದವು;
ಇದೊಂದಕ್ಕೆ ಚಹಾದ ಲೋಟ ತಾನಾಗಿ ಮೇಜಿಗಿಳಿಯಿತು.

ಮೆಗ್ಗಾನ್ ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು.
ಮೂಸಂಬಿ ಹಿಡಿದು ಹೋದೆ.
ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದು
ವಾರ್ಡಿನ ಬಾಗಿಲಲ್ಲೇ ಚೆಲ್ಲಿಹೋಯಿತು.

ಅವರು ಬೈಯಲಿಲ್ಲ.
"ನೆಲ ಎಲ್ಲಿ ಸಮ ಇರ್ತದೆ ಮಾರಾಯ್ತಿ,
ಅದೂ ದಿಬ್ಬ ಕಡ್ದು ಮಾಡಿದ್ ನೆಲ?
ಗಾಲಿ ನಾಲ್ಕಿದ್ರೂ ಹೊರೋದು ಮೂರೇ.
ಒಂದು ಯಾವಾಗ್ಲೂ ಗಾಳೀಲಿ.
ಯಾವ್ದು ಅಂತ ಬೆರಳು ಮಾಡಿ ತೋರ್ಸಕ್ಕಾಗಲ್ಲ,
ಗೇಣಿಗೊಂದ್ ಸಲ ಬದಲಾಗ್ತದೆ.
ಅದಕ್ಕೇ ಮೂರರಿಂದ ಭಾಗಿಸ್ಬೇಕು.
ನಾನೇ ಬರೀಬೇಕಿತ್ತು ಚೀಟೀಲಿ.
ಗೊತ್ತಿರ್ತದೆ ಅನ್ಕೊಂಡೆ."

ಸಿಪ್ಪೆ ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದೆ.
ಅವರ ಮಂಚಕ್ಕೂ ಗಾಲಿ, ನಾಲ್ಕು.
ಕಿಟಕಿಯ ಕಡೆಯದರ ಕೆಳಗೆ
ಒಂದು ಚೀಟಿ ತೂರಿಸುವಷ್ಟು ಬೆಳಕು.
ಬಹಳ ಹೊತ್ತು ಹೆಕ್ಕುತ್ತಲೇ ಇದ್ದೆ.

ಆಷಾಢ ಕಳೆದು ಮೇಸ್ತ್ರಿ ಕೆಲಸಕ್ಕೆ ಬಂದರು.
ಈಗ ಅವರು ಬರುವುದು ನನಗೆ ನೋಡದೆಯೂ ಗೊತ್ತು,
ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಯೋಚಿಸಿ.
ರಿಜಿಸ್ಟರಿನ ಅಂಚನ್ನು ಉಜ್ಜಿ ಹಾಕಿದೆ.
ಪೆನ್ಸಿಲ್ ಹೋಯಿತು, ಒತ್ತಿ ಬರೆದ ತಗ್ಗು ಹೋಗಲಿಲ್ಲ.

ಮೊನ್ನೆ ಮತ್ತೊಂದು ಬಂಡಿಗೆ ಚೀಟಿ ಬಂತು.
ಭಾರ ಮೂರು ಸಾವಿರ ಕಿಲೋ. ಗಾಲಿ ನಾಲ್ಕು.
ಅಷ್ಟೇ. ಈ ಸಲವೂ ಅಷ್ಟೇ.
ತಲಾ ಸಾವಿರ ಎಂದು ಬರೆದು,
ಪೆನ್ನಿನ ಮುಚ್ಚಳ ಹಾಕಿ,
ಏಳು ವರ್ಷದಲ್ಲಿ ಮೊದಲ ಸಲ
ಗೋಡೆಯಾಚೆ ಹೋದೆ, ನೆಲ ನೋಡಲು.