ಎಂಟು ಸೆಕೆಂಡು

ಟಾಂಪೆರೆಯ ಸೇತುವೆ ಪಕ್ಕದ ದೀಪಕ್ಕೆ
ನಿಯಮ ಬರೆದವಳು ನಾನೇ:
ಬಸ್ಸು ಎರಡು ನಿಮಿಷಕ್ಕಿಂತ ತಡವಾಗಿದ್ದರೆ
ಹಸಿರನ್ನು ಎಂಟು ಸೆಕೆಂಡು ಹಿಡಿದಿಡು.
ಹೊತ್ತಿಗೆ ಸರಿಯಾಗಿದ್ದರೆ
ಎಲ್ಲರ ಹಾಗೆ ಅದೂ ಕಾಯಲಿ.

ಆಫೀಸಿನ ಪರದೆಯಲ್ಲಿ ಬಸ್ಸೆಂದರೆ
ತೆವಳುವ ಒಂದು ಹಳದಿ ಚುಕ್ಕಿ.
ಇವತ್ತು ಆ ಚುಕ್ಕಿಯ ಹೊಟ್ಟೆಯೊಳಗೆ ಕೂತಿದ್ದೇನೆ,
ಮುಂದಿನಿಂದ ಮೂರನೆಯ ಸೀಟು.
ಹೊರಗೆ ಸೊನ್ನೆಗಿಂತ ಹದಿನೇಳು ಕೆಳಗೆ.
ಎಂಟು ಹೊಡೆದರೂ ಬೆಳಗಾಗಿಲ್ಲ.

ಸ್ಟೇರಿಂಗಿನ ಹಿಂದೆ ತಾರ್ಯಾ.
ನಿಲ್ದಾಣದಲ್ಲಿ ಮುದುಕ ಓಯಿವಾ, ಅವನ ಗಾಲಿಯ ಊರುಗೋಲು;
ಒಂದು ಗಾಲಿ ಹಿಮದ ಅಂಚಿಗೆ ಸಿಕ್ಕಿ
ಬರಲೊಲ್ಲೆ ಅನ್ನುತ್ತಿದೆ.
ಅವಳು ಬ್ರೇಕು ಎಳೆದು ಇಳಿದಳು.
ಗಾಲಿಗೊಂದು ಒದೆ, ಅವನ ತೋಳಿಗೊಂದು ಕೈ.
ಅವನಿಗೇನು ಅವಸರ! ಟೋಪಿಯ ಕಿವಿ ಸರಿಮಾಡಿಕೊಂಡು
ಬೆಕ್ಕಿನ ಕಾಯಿಲೆಯ ಕತೆ ಶುರುಮಾಡಿದ.
ಹಿಂದೆ ಯಾರೋ ಗಡಿಯಾರ ನೋಡಿದರು.
ನಾನೂ ನೋಡಿದೆ, ಹೊಟ್ಟೆಪಾಡಿನ ಚಟ:
ಎರಡು ನಿಮಿಷ, ಹನ್ನೊಂದು ಸೆಕೆಂಡು.

ಹೊರಟೆವು. ಛಾವಣಿಯ ಪೆಟ್ಟಿಗೆ
ನಮಗೆ ಕೇಳದ ದನಿಯಲ್ಲಿ ಕಂಬಕ್ಕೆ
'ತಡವಾಯಿತು, ಚೂರು ತಾಳು' ಅಂದಿರಬೇಕು.
ಹಸಿರು ರೆಪ್ಪೆ ಬಡಿಯಲಿಲ್ಲ.
ದಾಟಿದೆವು.

ಯಾಕೆ ತಡ ಎಂದು ಕಂಬ ಕೇಳಲಿಲ್ಲ.
ಆ ಪ್ರಶ್ನೆಯನ್ನು ನಾನು ಬರೆದೇ ಇರಲಿಲ್ಲ,
ಬರೀ ಸೋಮಾರಿತನದಿಂದ.
ಈಗ ನೋಡಿದರೆ ಅದೇ ದೊಡ್ಡಗುಣದಂತೆ ಕಾಣುತ್ತಿದೆ.

ಆದರೆ ಎಂಟು ಸೆಕೆಂಡು ಆಕಾಶದಿಂದ ಉದುರುವುದಿಲ್ಲ.
ಅಡ್ಡರಸ್ತೆಯ ಕೆಂಪಿನಲ್ಲಿ ಬೇಕರಿಯ ವ್ಯಾನು,
ಒಳಗೆ, ವಾರಕ್ಕೊಮ್ಮೆ ನಮಗೆ ಫೋನು ಮಾಡುವ ಯೌಕೊ.
'ಬಸ್ಸಿನಲ್ಲಿ ನಲವತ್ತು ಜನ,
ನಿಮ್ಮ ಗಾಡಿಯಲ್ಲಿ ಒಬ್ಬರು' ಎಂದಿದ್ದೆ ಒಮ್ಮೆ,
ಲೆಕ್ಕ ಗೆದ್ದವಳ ಠೀವಿಯಲ್ಲಿ.
'ಒಬ್ಬನಲ್ಲಮ್ಮ' ಅಂದಿದ್ದ,
'ಮುನ್ನೂರು ಏಲಕ್ಕಿ ಬನ್ನು. ಎಲ್ಲ ಬಿಸಿ.'
ಕಿಟಕಿಯಿಂದ ಕಂಡ: ಕೈಗವಸು ಕಳಚಿ
ಬೆರಳಿಗೆ ಉಸಿರು ಊದಿಕೊಳ್ಳುತ್ತಿದ್ದ.
ಅವನ ಲೆಕ್ಕಕ್ಕೆ ನನ್ನಲ್ಲಿ ಇನ್ನೂ ಸೂತ್ರವಿಲ್ಲ.
ಕೈ ಬೀಸೋಣವೆಂದುಕೊಂಡೆ. ಬೀಸಲಿಲ್ಲ.

ಮುಂದಿನ ಎರಡು ದೀಪಗಳೂ ದಾರಿ ಬಿಟ್ಟವು.
ಅದರಾಚೆಯದರ ಹೊತ್ತಿಗೆ
ನಾವು ವೇಳಾಪಟ್ಟಿಯೊಳಗೆ ಬಂದುಬಿಟ್ಟಿದ್ದೆವು.
ಕೆಂಪು.
ಬೇಡುವ ಹಕ್ಕಿಲ್ಲ, ಪೆಟ್ಟಿಗೆ ಸುಮ್ಮನಿತ್ತು.
ತಾರ್ಯಾ ಕನ್ನಡಿಯಲ್ಲೇ ಹುಬ್ಬೇರಿಸಿದಳು: ಆಮೇಲೆ?
ಓಯಿವಾ ಉಳಿದರ್ಧ ಹೇಳಿ ಮುಗಿಸಿದ.

ಬೆಕ್ಕು ಬದುಕಿದೆಯಂತೆ.