ಬಿರುಕಿಗೆ ಕಟ್ಟಿದ ದಾರ

ಬಿರುಕಿನ ಆಚೆಗೊಂದು, ಈಚೆಗೊಂದು ಗೂಟ,
ನಡುವೆ ಹಳೇ ಬಲೆಯ ದಾರ.
ಕಿನ್ನರದ ದಂಡೆಯಲ್ಲಿ ತುಳಸಕ್ಕ
ದಿನಾ ಬೆಳಿಗ್ಗೆ ಬೆರಳಿಟ್ಟು ಮೀಟುತ್ತಾಳೆ.

“ನೆರೆಗೆ ಹೆದರಬೇಡ ಮಾರಾಯಾ,
ತುಂಬಿದಾಗ ಹೊಳೆಯೇ ದಂಡೆಗೆ ಹೆಗಲು ಕೊಡ್ತದೆ.
ಕದ್ರಾದ ಗೇಟು ಮುಚ್ಚಿ, ಸಮುದ್ರದ ಇಳಿತವೂ ಸೇರಿ
ನೀರು ಸರ್ರನೆ ತಗ್ಗಿದ ದಿನ ನೋಡು,
ನೆನೆದ ಮಣ್ಣು ಬಸುರಿಯ ಹಾಗೆ ಭಾರ,
ಆತುಕೊಳ್ಳಲು ಯಾರೂ ಇಲ್ಲ.”

ಬುಡದ ಮರಳನ್ನು ರಾತ್ರಿ ದೋಣಿಗೆ ತುಂಬಿದವರಲ್ಲಿ
ನಾನೂ ಒಬ್ಬ. ಬುಟ್ಟಿಗೆ ಹನ್ನೆರಡು ರೂಪಾಯಿ.
ಅವಳಿಗೆ ಗೊತ್ತು.

ಇವತ್ತು ಮಳೆ ಬಿಟ್ಟಿದೆ, ಚುರುಕು ಬಿಸಿಲು.
ಕೇರಿಯೆಲ್ಲ ಚಾಪೆ ಒಣಗಿಸುತ್ತಿದೆ.
ತುಳಸಕ್ಕ ಮಾತ್ರ ಕೋಳಿಗೂಡು ಹೊತ್ತು
ದಿಬ್ಬದ ಕಡೆ ನಡೆದಳು.

ಯಾರೂ ಇಲ್ಲದ್ದು ನೋಡಿ ದಾರ ಮೀಟಿದೆ.
ನಿನ್ನೆ ಜೋಲುತ್ತಿದ್ದದ್ದು
ಟಣ್ ಅಂದಿತು.