ಹೆಸರು ಕೂಗುವವ

ಯಾದಗಿರಿ ದವಾಖಾನಿಯಾಗ
ಹೆಸರು ಕೂಗೋದು ನನ್ನ ಕೆಲಸ.
ಹನ್ನೊಂದನೇ ಕೋಣಿ, ಶುಕ್ರವಾರ ಮಾತ್ರ.
ಬೋರ್ಡಿನ ಅಕ್ಷರ ಯಾರೋ ಕೆರದು ತಗದಾರ,
ಮೊದಲಿನ 'ಮ' ಒಂದು ಉಳದದ.

ಎಲುಬಿನ ಕೋಣಿ ಮುಂದ ಗಂಡಸರ ಗದ್ದಲ,
ಪಟ್ಟಿ ಕಟ್ಟಿದ ಕಾಲು ಎಲ್ಲರಿಗೂ ಕಾಣೂ ಹಂಗ ಚಾಚ್ತಾರ.
ನಮ್ಮ ಬೆಂಚಿನ ಮ್ಯಾಲ ಸೆರಗೇ ಸೆರಗು.
ಈ ಬ್ಯಾನಿ ಹೆಂಗಸರಿಗೇ ಜಾಸ್ತಿ ಅಂತ
ನಾನೂ ಬಾಳ ದಿನ ನಂಬಿದ್ದೆ.
ರಜಿಸ್ಟರಿನಾಗೂ ಹಂಗೇ ಬರದದ.

ಸಾಬಮ್ಮ ಬರ್ತಿದ್ಲು
ರೈಲ್ವೆ ಕ್ವಾರ್ಟರ್ಸಿನಿಂದ ನಡಕೋತ,
ಚೀಲದಾಗ ಬಾಟಲಿ ನೀರು, ಒಂದು ಸಜ್ಜಿ ರೊಟ್ಟಿ.
ಡಾಕ್ಟರ್ ಮುಂದ ಕುಂತು, ಕಲ್ತ ಪಾಠ ಒಪ್ಪಿಸಿದಂಗ:
"ನಿದ್ದಿ ಇಲ್ರಿ. ರಾತ್ರಿ ಎದ್ದು ಕೂಡ್ತೀನಿ.
ಕಿವ್ಯಾಗ ಸುತ್ತಿಗಿ ಹೊಡದಂಗ ಆಗ್ತದ.
ಒಂದೊಂದು ಸಲ ಹಳಿ ಮ್ಯಾಲೇ ಕುಂತು ಬಿಡಬೇಕು ಅನಸ್ತದ್ರಿ,
ಗಾಡಿ ಬರೂ ಹೊತ್ತು ಗೊತ್ತಿದ್ರೂ."
ಡಾಕ್ಟರ್ ಬರಕೊಂಡ್ರು. ಗುಳಿಗಿ ಕೊಟ್ಟರು.
ಆರು ಶುಕ್ರವಾರ.
ಚೀಟಿ ಮ್ಯಾಲ: ಸಾಬಮ್ಮ, ಹೆಣ್ಣು, ಮೂವತ್ತೆಂಟು.

ಏಳನೇ ಸಲ ಪಾಠ ತಪ್ಪಿತು.
ಈಗ ಹೆಂಗದಮ್ಮ ಅಂದ್ರ
"ಸೊಲ್ಪ ಚಲೋ ಅದ್ರಿ. ಆದ್ರ ಎರಡು ವಾರ ಆತು,
ಗಡ್ಡ ಮಾಡಿಕೊಂಡಿಲ್ಲ" ಅಂದುಬಿಟ್ಲು.

ಫ್ಯಾನು ತನ್ನ ಪಾಡಿಗೆ ತಿರುಗ್ತಿತ್ತು.
ಡಾಕ್ಟರ್ ಪೆನ್ನು ಕೆಳಗಿಟ್ಟರು.
ನಾನು ನಕ್ಕೆನೋ ಏನೋ, ಬಾಗಿಲ ಕಡಿ ಹೊಳ್ಳಿ ನಿಂತೆ.

ಗಂಡ ಮರಲಿಂಗ. ರೈಲ್ವೆದಾಗ ಕೀಮನ್.
ದಿನಾ ಹಳಿ ನೋಡ್ಕೋತ ನಡೀತಾನ,
ಸಡಲಾದ ಚಾವಿ ಬಡದು ಬಿಗಿ ಮಾಡ್ತಾನ.
ಭೀಮಾ ಸೇತುವಿ ದಾಟಿ ಯಾರೋ ಗಾಡಿಗೆ ಬಿದ್ದದ್ದು
ಮೊದಲು ಕಂಡವ ಅವನೇ. ಎತ್ತಿದವನೂ ಅವನೇ.
ಅವತ್ತು ಮನಿಗೆ ಬಂದು, ಜಳಕ ಮಾಡಿ, ಉಂಡು,
"ಖಾರ ಕಡಿಮಿ ಆಗೇದ" ಅಂದನಂತ. ಅಷ್ಟೇ.

"ಅವರ ಹೆಸರಿಲೆ ಚೀಟಿ ಮಾಡಿಸಿದ್ರ
ನೌಕರಿ ಕಾಗದಕ್ಕ ಹತ್ತತದ್ರಿ.
ನನ್ನ ಹೆಸರಿಗೇನು? ಹತ್ತಿದ್ರ ಹತ್ತಲಿ.
ಬಾಣಂತ್ಯಾನದಾಗ ಅತ್ತದ್ದಕ್ಕ ಗಾಳಿ ಅಂದ್ರು ಮಂದಿ,
ತಿಂಥಣಿಗೆ ಒಯ್ದು ದಾರ ಕಟ್ಟಿಸಿಕೊಂಡು ಬಂದ್ರು."
ಅವನಿಗೆ ಏನಂತಾರ ಮಂದಿ, ಡಾಕ್ಟರ್ ಕೇಳಿದ್ರು.
"ಸಿಟ್ಟಿನ ಮನಿಷ್ಯಾ ಅಂತಾರ್ರಿ."

ನಮ್ಮ ಅಣ್ಣಗೂ ಹಂಗೇ ಅಂತಿದ್ರು.
ಅಂವ ಹೋದ ಮ್ಯಾಲ, ಪೊಲೀಸ್ ಕಾಗದದಾಗ
ಹೊಟ್ಟಿಬ್ಯಾನಿ ಅಂತ ಬರಸಿದ್ವಿ.

ಮುಂದಿನ ಶುಕ್ರವಾರ ಮರಲಿಂಗ ಬಂದ.
ಒಳಗ ಅಲ್ಲ. ಸೈಕಲ್ ಸ್ಟ್ಯಾಂಡಿನ ಬೇವಿನ ಗಿಡದ ಬುಡಕ,
ಯಾರನ್ನೋ ತೋರಸಾಕ ಕರಕೊಂಡು ಬಂದವನಂಗ,
ಟವಲ್ ಮಾರಿಗೆ ಅಡ್ಡ ಹಿಡಕೊಂಡು. ಬಿಸಿಲಿಗೆ ಅನ್ನೂ ಹಂಗ.
ಕರಿ ಅಂದ್ರು ಡಾಕ್ಟರ್.
ಹದಿನಾಲ್ಕು ವರ್ಷ ಕೂಗಿದ ಗಂಟಲು ನಂದು,
ಲ್ಯಾಬಿನ ತನಕ ಕೇಳ್ತದ.
ಅವತ್ತು ಕೂಗಲಿಲ್ಲ. ಮೆಟ್ಟಿಲಿಳದು ಹೋಗಿ
ಬಾಜೂಕ ನಿಂತು, ಬೀಡಿ ಕೇಳಿದಂಗ, ಹೇಳಿದೆ.
ಚಪ್ಪಲಿ ಬಿಚ್ಚಿ ಒಳಗ ಹೋದ,
ಗುಡಿಗೆ ಹೋದಂಗಲ್ಲ, ಸಾಹೇಬರ ಆಫೀಸಿಗೆ ಹೋದಂಗ.

ಬಾಗಿಲ ಹಿಂದ ಬಾಳ ಹೊತ್ತು ಏನೂ ಕೇಳಲಿಲ್ಲ.
ಆಮ್ಯಾಲ ಮೂಗು ಒರಸಿದ ಸಪ್ಪಳ.

ಸಾಬಮ್ಮ ಬೆಂಚಿನ ಮ್ಯಾಲ.
ರೊಟ್ಟಿ ಮುರದಾಳ, ತಿಂದಿಲ್ಲ.
ಬೆರಳು ಅದನ್ನ ಚೂರು ಚೂರು ಮಾಡ್ಲಿಕ್ಕತ್ತಾವ,
ಆಕಿಗೆ ಖಬರಿಲ್ಲ.
ಎಷ್ಟು ದಿನದಿಂದ ಹಿಂಗೋ, ಯಾರು ಬರದಿಟ್ಟಾರ?

ಒಳಗಿಂದ ಇನ್ನೊಂದು ಚೀಟಿ ಬಂತು. ಹೊಸಾದು.
"ಇದು ಆಕೀದು. ಆಕೀದೇ" ಅಂದ್ರು ಡಾಕ್ಟರ್.
ಕೂಗಿದೆ:
ಸಾಬಮ್ಮ!

ಆಕಿ ತಲಿ ಎತ್ತಿ, ಬಾಗಿಲ ಕಡಿ ಕೈ ಮಾಡಿ,
"ಅವರು ಒಳಗೇ ಅದಾರಲ್ರಿ" ಅಂದ್ಲು.